ಇಎಂಐ ನಿಲ್ಲಿಸುವಂತಿಲ್ಲ, ಕೆಲಸ ತಡೆಯೋಕೆ ಆಗ್ತಿಲ್ಲ. ದಾಟಿ ಬಂದವರು ಹೇಳಿ

ಕೇಳಿದ್ದು

ನನಗೆ 35 ವರ್ಷ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರೊಡಕ್ಷನ್ ಸಪೋರ್ಟ್ ಕೆಲಸ, ಅಂದರೆ ಬಳಕೆಯಲ್ಲಿರುವ ಸಾಫ್ಟ್‌ವೇರ್ ಕೈಕೊಟ್ಟರೆ ಸರಿಮಾಡುವುದು. ಟೀಮಿನಲ್ಲಿ ಒಂಬತ್ತು ಜನ ಇದ್ದೆವು, ಈಗ ಐದೇ ಜನ. ಕೆಲಸ ಮಾತ್ರ ಒಂಬತ್ತು ಜನರದ್ದು ಹಾಗೇ ಇದೆ. ವಾರಕ್ಕೆ ಎರಡು ಮೂರು ರಾತ್ರಿ ಫೋನ್ ಬರುತ್ತದೆ. ಭಾನುವಾರ ಸಂಜೆಯಾದರೆ ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತದೆ.

ಕೈಗೆ ಬರುವ ಸಂಬಳ 1,18,000. ಹೌಸಿಂಗ್ ಫೈನಾನ್ಸ್ ಕಂಪನಿಯೊಂದರಲ್ಲಿ 60 ಲಕ್ಷ ಮನೆ ಸಾಲ, 20 ವರ್ಷಕ್ಕೆ, ಕಂತು 52,000. ತಂಗಿ ಮದುವೆಗೆ ತೆಗೆದ ಪರ್ಸನಲ್ ಲೋನ್ 6 ಲಕ್ಷ, ಕಂತು 16,400. ಊರಲ್ಲಿರುವ ಅಪ್ಪ ಅಮ್ಮನಿಗೆ 12,000. ಮಗಳ ಸ್ಕೂಲು, ಮನೆ ಖರ್ಚು ಆದ ಮೇಲೆ ಏನೂ ಉಳಿಯುವುದಿಲ್ಲ. ಹೆಂಡತಿಗೆ ಪೂರ್ತಿ ಹೇಳಿಲ್ಲ. ಕೆಲಸ ಬಿಡಬೇಕಾ, ಸಹಿಸಬೇಕಾ? ನೀವೇನು ಮಾಡಿದಿರಿ ಅಂತ ಹೇಳಿ.

ಟೆಸ್ಟಿಂಗ್ ಕೆಲಸದವರು, ಬೆಂಗಳೂರು

2018ರಲ್ಲಿ ನಾನು ನೀವಿರುವ ಜಾಗದಲ್ಲೇ ಇದ್ದೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಆಗ ನನ್ನ ಸಂಬಳ 72,000. ಮನೆ ಸಾಲ, ಪರ್ಸನಲ್ ಲೋನ್ ಸೇರಿ 40,000 ಹೋಗುತ್ತಿತ್ತು. ಮ್ಯಾನೇಜರ್ "ಈ ಶನಿವಾರ ರಿಲೀಸ್ ಇದೆ" ಅನ್ನುವಷ್ಟರಲ್ಲೇ ನನ್ನ ಬಾಯಿಂದ "ಆಯ್ತು ಸರ್" ಬಂದುಬಿಡುತ್ತಿತ್ತು. ತುಮಕೂರಿನಲ್ಲಿ ಷಡ್ಡಕನ ಮನೆ ಗೃಹಪ್ರವೇಶ. ಎಲ್ಲರೂ ಊಟಕ್ಕೆ ಕೂತಿದ್ದಾಗ ನಾನು ಹೊರಗೆ ಕಾರಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದೆ. ಕೊನೇ ಪಂಕ್ತಿಯೂ ಎದ್ದಿತ್ತು. ನನ್ನ ಮಾವ ಒಂದು ಎಲೆಯಲ್ಲಿ ಊಟ ಕಟ್ಟಿಸಿಕೊಂಡು ಕಾರಿನ ಹತ್ತಿರ ಬಂದು ನಿಂತರು. ಏನೂ ಮಾತಾಡಲಿಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಾರನೇ ದಿನ ಮಗನ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಒಂದೇ ಲೆಕ್ಕ ಬರೆದೆ. ಇವತ್ತು ಕೆಲಸ ಹೋದರೆ ಮನೆ ಎಷ್ಟು ದಿನ ನಡೆಯುತ್ತದೆ? ತಿಂಗಳ ಖರ್ಚು ಕಂತೂ ಸೇರಿ 63,000. ಖಾತೆಯಲ್ಲಿ ಇದ್ದದ್ದು 40,000. ಹತ್ತೊಂಬತ್ತು ದಿನ!

ಆ ಸಂಖ್ಯೆ ನೋಡಿದ ಮೇಲೆ ಒಂದು ವಿಷಯ ಅರ್ಥವಾಯಿತು. ನನ್ನನ್ನು ಹಿಂಡುತ್ತಿದ್ದದ್ದರಲ್ಲಿ ಅರ್ಧ ಕೆಲಸ, ಇನ್ನರ್ಧ ಈ ಹತ್ತೊಂಬತ್ತು ದಿನ. ಆ ಭಯ ಇರುವವರೆಗೂ ಯಾವ ಕಂಪನಿಗೆ ಹೋದರೂ ನಾನು ಎಲ್ಲದಕ್ಕೂ "ಆಯ್ತು" ಅನ್ನುತ್ತಲೇ ಇರುತ್ತಿದ್ದೆ. ಅದಕ್ಕೆ ಬಿಡಬೇಕಾ ಬೇಡವಾ ಅನ್ನುವ ಪ್ರಶ್ನೆಯನ್ನು ಪಕ್ಕಕ್ಕಿಟ್ಟು, ಮೊದಲು ಆ ದಿನಗಳನ್ನು ಹೆಚ್ಚಿಸಲು ಹೊರಟೆ.

ಮನೆ ಸಾಲದ ಸುದ್ದಿಗೆ ಹೋಗಲಿಲ್ಲ. ಸಣ್ಣದು, ಬಡ್ಡಿ ಜಾಸ್ತಿ ಇದ್ದದ್ದು ಪರ್ಸನಲ್ ಲೋನ್. 2.4 ಲಕ್ಷ ಬಾಕಿ ಇತ್ತು. ಹೆಂಡತಿಯೇ ಲಾಕರಿನಿಂದ ಬಳೆ, ಸರ ತಂದುಕೊಟ್ಟಳು. ಅದನ್ನು ಮಾರಿ, ಸ್ವಲ್ಪ ಬೋನಸ್ ಸೇರಿಸಿ ಆ ಸಾಲ ಮುಗಿಸಿದೆ. ಮುಂಚಿತವಾಗಿ ಮುಗಿಸಿದ್ದಕ್ಕೆ ಶುಲ್ಕ ಹಿಡಿದರು. ನೀವು ಕರಾರು ಪತ್ರದಲ್ಲಿ ಅದನ್ನು ಮೊದಲೇ ನೋಡಿಕೊಳ್ಳಿ. ನಿಂತ ಕಂತಿನ 11,000ವನ್ನು ಮರುತಿಂಗಳಿಂದಲೇ ಬೇರೆ ಬ್ಯಾಂಕಿನ ಆರ್‌ಡಿಗೆ ಹಾಕಿದೆ. ಸಂಬಳದ ಖಾತೆಯಲ್ಲೇ ಇಟ್ಟಿದ್ದರೆ ಖಂಡಿತ ಉಳಿಯುತ್ತಿರಲಿಲ್ಲ.

ಏಳನೇ ತಿಂಗಳಲ್ಲಿ ಮೊದಲ ಸಲ "ಈ ಶನಿವಾರ ಆಗಲ್ಲ ಸರ್, ಸೋಮವಾರ ಬೆಳಿಗ್ಗೆ ಎಂಟಕ್ಕೆ ಕೂರುತ್ತೇನೆ" ಅಂದೆ. ಅವರು "ಸರಿ" ಅಂದರು. ಅಷ್ಟೇ. ನಾಲ್ಕು ತಿಂಗಳ ಖರ್ಚು ಕೂಡಿಸಲು ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. ಆಮೇಲೆ ಸಂಬಳ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ ಅಂತ ಬೇರೆ ಕಂಪನಿಗೆ ಹೋದೆ. ಹೋಗುವಾಗ ಭಯ ಇರಲಿಲ್ಲ.

ನಿಮ್ಮ ದಿನಗಳು ಎಷ್ಟಿವೆ ಅಂತ ಇವತ್ತೇ ಬರೆದು ನೋಡಿ.

ಬ್ಯಾಂಕಿನಿಂದ ನಿವೃತ್ತರಾದವರು, ಮೈಸೂರು

ತಮ್ಮಾ, ಸಾಲದ ವಿಭಾಗದಲ್ಲೇ ನನ್ನ ಹೆಚ್ಚಿನ ಸರ್ವಿಸು ಕಳೆಯಿತು. ನೀನು ಕೊಟ್ಟ ಅಂಕಿ ನೋಡಿದರೆ ನಿನ್ನ ಬಡ್ಡಿ ಹತ್ತಿರ ಹತ್ತಿರ 8.5 ಇರಬೇಕು. 2025ರಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿಯನ್ನು, 6.50ರಿಂದ 5.25ಕ್ಕೆ ಇಳಿಸಿದೆ. ಬ್ಯಾಂಕಿನ ಸಾಲ ರೆಪೊಗೆ ಕಟ್ಟಿದ್ದರೆ ಅದು ತಾನಾಗಿಯೇ ಇಳಿಯುತ್ತದೆ, ಮೂರು ತಿಂಗಳಿಗೊಮ್ಮೆಯಾದರೂ ದರ ಬದಲಿಸಲೇಬೇಕು. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಆ ಕಡ್ಡಾಯ ಇಲ್ಲ. ಹಾಗಾಗಿ ನಿನ್ನ ದರ ಹಳೆಯದೇ ಉಳಿದಿರಬಹುದು. ಮೊದಲು ಅದನ್ನು ವಿಚಾರಿಸು.

ಎಲ್ಲರೂ ಅವಧಿ ಹೆಚ್ಚಿಸು ಅನ್ನುತ್ತಾರೆ. ಲೆಕ್ಕ ನೋಡು. 60 ಲಕ್ಷಕ್ಕೆ 8.5ರಂತೆ 20 ವರ್ಷಕ್ಕೆ ಕಂತು ಸುಮಾರು 52,070. ಅದನ್ನೇ 25 ವರ್ಷ ಮಾಡಿದರೆ 48,310. ತಿಂಗಳಿಗೆ ಉಳಿಯುವುದು 3,760 ರೂಪಾಯಿ, ಕೊನೆಗೆ ಜಾಸ್ತಿ ಕಟ್ಟುವ ಬಡ್ಡಿ ಹತ್ತಿರ ಹತ್ತಿರ 20 ಲಕ್ಷ! ಅವಧಿ 20 ವರ್ಷವೇ ಇದ್ದು ಬಡ್ಡಿ 7.5 ಆದರೆ ಕಂತು 48,340. ಹೆಚ್ಚುಕಡಿಮೆ ಅಷ್ಟೇ ಉಳಿತಾಯ, ಐದು ವರ್ಷ ಜೀತ ಇಲ್ಲ.

ಆದ್ದರಿಂದ ಅದೇ ಕಂಪನಿಯಲ್ಲಿ ದರ ಇಳಿಸಿಕೊಡಲು ಲಿಖಿತವಾಗಿ ಕೇಳು. ಸಣ್ಣ ಶುಲ್ಕ ತೆಗೆದುಕೊಂಡು ಇಳಿಸುವವರು ಇದ್ದಾರೆ. ಆಗಲ್ಲ ಅಂದರೆ ಬ್ಯಾಂಕಿಗೆ ವರ್ಗಾಯಿಸು. ವ್ಯಕ್ತಿಯ ಹೆಸರಿನ, ಬದಲಾಗುವ ಬಡ್ಡಿಯ ಮನೆ ಸಾಲವನ್ನು ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ. ಹೊಸ ಬ್ಯಾಂಕಿನ ಪ್ರೊಸೆಸಿಂಗ್ ಫೀಸು, ಅಡಮಾನದ ಕಾಗದ ಪತ್ರದ ಖರ್ಚು ಕೂಡಿ ನೋಡಿ ನಿರ್ಧಾರ ಮಾಡು. ದರ ಇಳಿದಾಗ ಸಾಮಾನ್ಯವಾಗಿ ಕಂತು ಹಾಗೇ ಬಿಟ್ಟು ಅವಧಿ ಕಡಿಮೆ ಮಾಡುತ್ತಾರೆ. ನಿನಗೆ ಈಗ ಬೇಕಾಗಿರುವುದು ತಿಂಗಳ ಉಸಿರು. ಕಂತೇ ಇಳಿಸಿ ಅಂತ ಬಾಯಿಬಿಟ್ಟು ಕೇಳು.

ಇನ್ನೊಂದು ಮಾತು. ಕಂತು ತಪ್ಪುವ ಹಾಗಿದ್ದರೆ ತಪ್ಪುವ ಮೊದಲೇ ಶಾಖೆಗೆ ಹೋಗು. 90 ದಿನ ಬಾಕಿ ಬಿದ್ದರೆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ಕ್ರೆಡಿಟ್ ಕಾರ್ಡಿನಲ್ಲಿ ಹಣ ತೆಗೆದು ಕಂತು ಕಟ್ಟುವ ಕೆಲಸ ಮಾತ್ರ ಮಾಡಬೇಡ. ಅದರಿಂದ ಮುಳುಗಿದ ಎಷ್ಟೋ ಮನೆ ಕಂಡಿದ್ದೇನೆ.

ಕೆಲಸ ಬಿಟ್ಟವರು, ಹುಬ್ಬಳ್ಳಿ

ನಾನು ಯೋಚನೆ ಮಾಡದೆ ಬಿಟ್ಟವನು. ಸೇರಿ ನಾಲ್ಕೂವರೆ ವರ್ಷ ಆಗಿತ್ತು. ಒಂದು ಮೀಟಿಂಗಿನಲ್ಲಿ ಎಲ್ಲರ ಎದುರು ಬೈಸಿಕೊಂಡೆ, ಅದೇ ಸಂಜೆ ರಾಜೀನಾಮೆ ಕಳಿಸಿದೆ. ಕೆಲಸ ಬಿಡುವಾಗ ಕಂಪನಿ ಕೊಡುವ ಗ್ರಾಚ್ಯುಟಿ ಹಣಕ್ಕೆ ಐದು ವರ್ಷ ಬೇಕು ಅನ್ನುವುದು ತಲೆಗೆ ಬರಲೇ ಇಲ್ಲ. ನನ್ನ ಮೂಲ ವೇತನ 40,000. ಇನ್ನಾರು ತಿಂಗಳು ಇದ್ದಿದ್ದರೆ ಸುಮಾರು 1.15 ಲಕ್ಷ ಸಿಗುತ್ತಿತ್ತು.

ಅದಕ್ಕಿಂತ ದೊಡ್ಡ ಪೆಟ್ಟು ವಿಮೆಯದು. ಕೊನೆಯ ದಿನ ಕಂಪನಿಯ ಮೆಡಿಕ್ಲೈಮ್ ನಿಂತಿತು. ಮರುತಿಂಗಳು ಅವ್ವನಿಗೆ ಪಿತ್ತಕೋಶದ ಆಪರೇಷನ್. ಪೂರ್ತಿ ದುಡ್ಡು ಕೈಯಿಂದ, ಅಂದರೆ ಮಾವನ ಕೈಯಿಂದ ಹೋಯಿತು. ಬಿಡುವ ಮೊದಲೇ ಎಚ್‌ಆರ್ ಹತ್ತಿರ ಕೇಳಿ, ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅರ್ಜಿ ಹಾಕಬಹುದಿತ್ತು. ಆಗ ಗೊತ್ತಿರಲಿಲ್ಲ. ಮುಂದಿನ ಕೆಲಸ ಸಿಗಲು ಒಂಬತ್ತು ತಿಂಗಳು ಬೇಕಾಯಿತು.

ಆದರೂ ಬಿಟ್ಟಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಬಿಟ್ಟ ಮೇಲೆ ನಿದ್ದೆ ಬಂತು, ಊಟ ಸೇರಿತು. ತಪ್ಪಿದ್ದು ತಾರೀಖು. ನಿಮಗೆ ಎಷ್ಟು ವರ್ಷ ಆಗಿದೆ, ನೋಟಿಸ್ ಪೀರಿಯಡ್ ಎಷ್ಟು ಅಂತ ನೋಡಿಕೊಂಡು ತಾರೀಖು ನೀವೇ ಇಟ್ಟುಕೊಳ್ಳಿ.

ಗೃಹಿಣಿ, ಶಿವಮೊಗ್ಗ

ಅಣ್ಣ, ನಾನು ಹೆಂಡತಿಯ ಕಡೆಯಿಂದ ಬರೆಯುತ್ತಿದ್ದೇನೆ. ನಮ್ಮ ಮನೆಯವರೂ ಸಾಲ ಮುಚ್ಚಿಟ್ಟಿದ್ದರು. ರಾತ್ರಿ ಎರಡು ಗಂಟೆಗೆ ಎದ್ದು ಬಾಲ್ಕನಿಯಲ್ಲಿ ಕೂರುತ್ತಿದ್ದರು. ನನ್ನ ಮೇಲೇ ಏನೋ ಬೇಸರ ಇರಬೇಕು ಅಂದುಕೊಂಡಿದ್ದೆ. ಒಂದು ದಿನ ಮಗಳ ಪಾಠದ ಟ್ಯಾಬ್‌ನಲ್ಲಿ ಬ್ಯಾಂಕಿನ ಮೆಸೇಜ್ ಬಂತು. ಸಾಲ ನೋಡಿ ನನಗೆ ನೋವಾಗಲಿಲ್ಲ. ಹನ್ನೊಂದು ತಿಂಗಳು ಒಬ್ಬರೇ ಹೊತ್ತರಲ್ಲ ಅಂತ ಅತ್ತೆ.

ಆಮೇಲೆ ಲೆಕ್ಕದ ಪುಸ್ತಕ ನಾನು ತೆಗೆದುಕೊಂಡೆ. ಮಕ್ಕಳಿಗೆ ಮನೆಯಲ್ಲಿ ಟ್ಯೂಷನ್ ಶುರು ಮಾಡಿದೆ, ತಿಂಗಳಿಗೆ ಏಳೆಂಟು ಸಾವಿರ ಬರುತ್ತದೆ. ದಯವಿಟ್ಟು ಅತ್ತಿಗೆಗೆ ಇವತ್ತೇ ಹೇಳಿ. ಅವರಿಗೆ ಏನೋ ಇದೆ ಅಂತ ಗೊತ್ತಾಗಿರುತ್ತದೆ, ಏನು ಅಂತ ಮಾತ್ರ ಗೊತ್ತಿರುವುದಿಲ್ಲ.

ಭಾನುವಾರದ ಆ ಸಂಕಟವನ್ನು ಸುಮ್ನೆ ಬಿಡಬೇಡಿ. ನಮ್ಮವರನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋದಾಗ ಬಿಪಿ 160ರ ಮೇಲಿತ್ತು. ಮನಸ್ಸು ತೀರಾ ಕುಸಿದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಸರ್ಕಾರದ್ದು, ದುಡ್ಡಿಲ್ಲ, ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು. ನಮ್ಮವರು ಮೊದಲು ಬಾಯಿಬಿಟ್ಟಿದ್ದು ಅಲ್ಲೇ.

ಎಚ್‌ಆರ್ ಕೆಲಸದವರು, ಬೆಂಗಳೂರು

ಒಂದೇ ಮಾತು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಅಂತ ಮಿತಿ ಇದೆ. ಕಾನೂನು ಹಿಡಿದು ಜಗಳಕ್ಕೆ ಹೋಗಿ ಅನ್ನುತ್ತಿಲ್ಲ. ಆದರೆ ರಾತ್ರಿ ಬಂದ ಪ್ರತಿ ಫೋನನ್ನೂ ತಾರೀಖು, ಸಮಯ ಹಾಕಿ ಬರೆದಿಡಿ. ಆರು ವಾರದ ಪಟ್ಟಿ ಕೈಯಲ್ಲಿದ್ದರೆ "ತುಂಬಾ ಕೆಲಸ" ಅಂತ ಹೇಳಬೇಕಾಗಿಲ್ಲ. "ರಾತ್ರಿ ಫೋನ್ ಎತ್ತಲು ಐದು ಜನಕ್ಕೆ ಆನ್-ಕಾಲ್ ಸರದಿ ಮಾಡಿಕೊಡಿ, ರಾತ್ರಿ ಕೂತವರಿಗೆ ಮರುದಿನ ಅರ್ಧ ದಿನ ಬಿಡಿ" ಅಂತ ಮೇಲ್ ಹಾಕಬಹುದು. ಅಂತಹ ಮೇಲ್ ನನ್ನ ಮುಂದೆ ಬಂದಾಗ ತಳ್ಳಿಹಾಕುವುದು ಕಷ್ಟ.

ಕೇಳಿದವರು, ಹತ್ತು ದಿನದ ನಂತರ

ಎಲ್ಲರಿಗೂ ಕೈಮುಗಿಯುತ್ತೇನೆ. ಶನಿವಾರ ರಾತ್ರಿ ಮಗಳು ಮಲಗಿದ ಮೇಲೆ ಹೆಂಡತಿಗೆ ಎಲ್ಲ ಹೇಳಿದೆ. ಅವಳು ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ ಎದ್ದು ಪೆನ್ನು ತಂದಳು. ಖಾತೆಯಲ್ಲಿ 90,000 ಇದೆ. ನಮ್ಮದು ಇಪ್ಪತ್ಮೂರು ದಿನ. ಅಪ್ಪ ಅಮ್ಮನಿಗೆ ಕಳಿಸುವುದನ್ನು ಮುಟ್ಟುವುದು ಬೇಡ ಅಂತ ಅವಳೇ ಹೇಳಿದಳು. ಸ್ಕೂಲ್ ವ್ಯಾನ್ ಬಿಡಿಸಿ ತಾನೇ ಕರೆದುಕೊಂಡು ಹೋಗುತ್ತಾಳಂತೆ.

ಬಡ್ಡಿ ವಿಚಾರಿಸಿದೆ. ಮೈಸೂರಿನ ಸರ್ ಹೇಳಿದ ಹಾಗೇ ಇನ್ನೂ 8.5ರಲ್ಲೇ ಇದೆ. ಇಳಿಸಿಕೊಡಿ ಅಂತ ಅರ್ಜಿ ಕೊಟ್ಟಿದ್ದೇನೆ. ರಾತ್ರಿ ಫೋನುಗಳನ್ನು ಬರೆದಿಡುತ್ತಿದ್ದೇನೆ, ಹತ್ತು ದಿನದಲ್ಲಿ ನಾಲ್ಕು. ಗ್ರಾಚ್ಯುಟಿಗೆ ನನಗೆ ಇನ್ನು ಏಳು ತಿಂಗಳು ಇದೆ. ಅಲ್ಲಿಯವರೆಗೆ ಬಿಡುವುದಿಲ್ಲ, ಹುಡುಕುವುದನ್ನು ಮಾತ್ರ ಈಗಲೇ ಶುರು ಮಾಡುತ್ತೇನೆ. ಪರ್ಸನಲ್ ಲೋನ್ ಮುಂಚೆ ಮುಗಿಸಿದರೆ ಎಷ್ಟು ಹಿಡಿಯುತ್ತಾರೆ ಅಂತ ನಾಳೆ ಫೋನ್ ಮಾಡಿ ಕೇಳಬೇಕು.