ಸಹಾಯ ಬೇಕು: ಗಾರ್ಡ್ನರ್ 6ಎಲ್‌ಎಕ್ಸ್‌ಬಿ, ನಿಂತಲ್ಲೇ ಏರ್ ಹಿಡೀತಿದೆ

ಗಾಡಿ 1972ರ ಆಟ್ಕಿನ್ಸನ್ ಬಾರ್ಡರರ್ ಲಾರಿ, ಇಂಗ್ಲೆಂಡಿನ ಪ್ರೆಸ್ಟನ್ ಕಡೆಯದು. ಅದರ ಗಾರ್ಡ್ನರ್ ಡೀಸೆಲ್ ಇಂಜಿನ್ 10.45 ಲೀಟರ್, 180 ಎಚ್‌ಪಿ. ಈಗ ರ‍್ಯಾಲಿಗಷ್ಟೇ ಹೊರಗೆ ಬರುತ್ತೆ.

ಓಡುವಾಗ ಏನೂ ತೊಂದರೆ ಇಲ್ಲ, ಏರು ಹತ್ತುವಾಗಲೂ ಎಳೆತ ಕಮ್ಮಿ ಆಗಲ್ಲ. ಆದ್ರೆ ಒಂದೆರಡು ದಿನ ನಿಂತ್ರೆ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದುಬಿಡುತ್ತೆ. ಫಿಲ್ಟರಿನ ಬ್ಲೀಡ್ ಸ್ಕ್ರೂ (ಏರ್ ಹೊರಬಿಡೋ ಸ್ಕ್ರೂ) ಸಡಿಲಿಸಿದ್ರೆ ಬರೀ ನೊರೆ. ಕೈಯಿಂದ ಡೀಸೆಲ್ ತಳ್ಳೋ ಪ್ರೈಮಿಂಗ್ ಲಿವರ್‌ಗಳನ್ನ ಒಂದೊಂದಾಗಿ ಒತ್ತಿ ಏರ್ ತೆಗೆದ ಮೇಲೇ ಸ್ಟಾರ್ಟ್.

ಪೈಪ್ ಜೋಡಿಸೋ ಬ್ಯಾಂಜೋ ಬೋಲ್ಟುಗಳ ತಾಮ್ರದ ವಾಷರ್, ಫಿಲ್ಟರ್ ಎಲಿಮೆಂಟ್, ಸೀಲ್ ಎಲ್ಲಾ ಹೊಸದು. ಟ್ಯಾಂಕಿಗೂ ಅದರಿಂದ ಡೀಸೆಲ್ ಎಳೆಯೋ ಫೀಡ್ ಪಂಪಿಗೂ ನಡುವೆ ಪಾರದರ್ಶಕ ಪೈಪ್ ಹಾಕಿದ್ರೆ ಓಡುವಾಗ ಒಂದು ಗುಳ್ಳೆಯೂ ಕಾಣಲ್ಲ, ಬೆಳಿಗ್ಗೆ ನೋಡಿದ್ರೆ ಪೈಪ್ ಖಾಲಿ. ಹೊರಗೆಲ್ಲೂ ಜಿನುಗಿದ ಗುರುತಿಲ್ಲ. ಡೀಸೆಲ್ ತುಂಬಿದ ಕ್ಯಾನ್ ಒಂದನ್ನ ಪಂಪಿಗಿಂತ ಮೇಲೆ ಕಟ್ಟಿ ನೋಡಿದ್ದೂ ಆಯ್ತು, ಆಗ ಸರಿ ಇರುತ್ತೆ. ಆದ್ರೆ ಇದ್ರಿಂದ ದೋಷ ಎಲ್ಲಿ ಅಂತ ಗೊತ್ತಾಗಲ್ಲ, ಮೇಲಿಂದ ಒತ್ತಡ ಇದ್ರೆ ವಾಲ್ವ್ ಸೋರೋದು, ಜಾಯಿಂಟ್ ಏರ್ ಎಳೆಯೋದು ಎರಡೂ ಮುಚ್ಚಿಹೋಗುತ್ತೆ.

ಗೊಂದಲ ಇಷ್ಟೇ. ಫೀಡ್ ಪಂಪಿನ ವಾಲ್ವ್ ಸರಿಯಾಗಿ ಕೂತಿದ್ರೆ ಡೀಸೆಲ್ ಕೆಳಗಿಳೀಬಾರದು. ಮೇಲಿನ ಜಾಯಿಂಟೆಲ್ಲ ಬಿಗಿ ಇದ್ರೆ, ವಾಲ್ವ್ ಸೋರಿದ್ರೂ ಇಳೀಬಾರದು. ಅಂದ್ರೆ ಎರಡೂ ಕೆಟ್ಟಿರಬೇಕು, ಇಲ್ಲಾ ಪಂಪಿನೊಳಗೆ ಮೇಲೆ ಕೆಳಗೆ ಆಡೋ ಪೊರೆ, ಅಂದ್ರೆ ಡಯಾಫ್ರಮ್ಮೇ ಏರ್ ಎಳೀತಿರಬೇಕು.

ಪಂಪ್ ಬಿಚ್ಚದೇ ವಾಲ್ವನ್ನೂ ಡಯಾಫ್ರಮ್ಮನ್ನೂ ಬೇರೆಬೇರೆಯಾಗಿ ಪರೀಕ್ಷೆ ಮಾಡೋದು ಹೇಗೆ? ಟ್ಯಾಂಕಿನ ಕಡೆ ನಾನ್-ರಿಟರ್ನ್ ವಾಲ್ವ್ (ಡೀಸೆಲ್ ವಾಪಸ್ ಹೋಗದಂತೆ ತಡೆಯೋದು) ಹಾಕಿದ್ರೆ ಫುಲ್ ಲೋಡಲ್ಲಿ ಡೀಸೆಲ್ ಸಾಲದೇ ಬರುತ್ತಾ? ಗಾರ್ಡ್ನರ್‌ಗೆ ಹಾಗೆ ಹಾಕಿ ಓಡಿಸಿದವರು ಯಾರಾದ್ರೂ ಇದ್ರೆ ದಯವಿಟ್ಟು ತಿಳಿಸಿ.