ಮಗನಿಗೆ ಕ್ರೋನ್ಸ್ (ಕರುಳಿನ ಊತದ ಕಾಯಿಲೆ) ಇದೆ, ಈಗ ಅನ್ನನಾಳದಲ್ಲೂ ಅಲರ್ಜಿ ಊತ ಅಂತಾರೆ

ಹುಬ್ಬಳ್ಳಿ ಅಮ್ಮ:
ಮಗನಿಗೆ 11 ವರ್ಷ. ಕ್ರೋನ್ಸ್‌ಗೆ ಔಷಧಿ ನಡೆದಿದೆ, ಭೇದಿ ಹತೋಟಿಗೆ ಬಂದಿತ್ತು. ಈಗ ಒಂದು ತುತ್ತು ರೊಟ್ಟಿಗೆ ಮೂರು ಗುಟುಕು ನೀರು ಕುಡಿಯುತ್ತಾನೆ, ಎದೆ ಮೇಲೆ ಕೈಯಿಟ್ಟು ಸುಮ್ನೆ ಕೂತುಬಿಡುತ್ತಾನೆ. ಎಂಡೋಸ್ಕೋಪಿ ಮಾಡಿ ಇಯೋಸಿನೋಫಿಲಿಕ್ ಈಸೊಫಜೈಟಿಸ್, ಅಂದ್ರೆ ಅನ್ನನಾಳದ ಅಲರ್ಜಿ ಊತ ಅಂದರು. ಎರಡೂ ಒಟ್ಟಿಗೆ ಬರುತ್ತವಾ? ಹಾಲು, ಗೋಧಿ ಬಿಡಿಸಲಾ? ಮೊದಲೇ ತೂಕ ಕಮ್ಮಿ, ಭಯ ಆಗುತ್ತಿದೆ.

ಗದಗಿನವಳು:
ಬರುತ್ತವೆ ಅಕ್ಕಾ, ನನ್ನ ಮಗಳಿಗೂ ಎರಡೂ ಇವೆ. ಒಂದರ ಔಷಧಿ ಇನ್ನೊಂದಕ್ಕೆ ಸಾಕಾಗದೇ ಇರಬಹುದು. ಬಯಾಪ್ಸಿ ರಿಪೋರ್ಟ್‌ನಲ್ಲಿ ಇಯೋಸಿನೋಫಿಲ್ (ಅಲರ್ಜಿಯಲ್ಲಿ ಹೆಚ್ಚಾಗುವ ಒಂದು ಬಗೆಯ ಬಿಳಿ ರಕ್ತಕಣ) ಎಷ್ಟು ಅಂತ ನೋಡಿ, ಮೈಕ್ರೋಸ್ಕೋಪಿನ ಒಂದು ಫೀಲ್ಡ್‌ನಲ್ಲಿ 15 ಅಥವಾ ಜಾಸ್ತಿ ಇದ್ದರೆ ಈ ಅಲರ್ಜಿ ಊತವನ್ನು ಅನುಮಾನಿಸುತ್ತಾರೆ. ಆದ್ರೆ ಕ್ರೋನ್ಸ್ ಅನ್ನನಾಳಕ್ಕೆ ಬಂದಾಗಲೂ ಆ ಕಣ ಕಾಣಬಹುದು, ಅದನ್ನು ಡಾಕ್ಟರ್ ಹತ್ತಿರ ಬಿಡಿಸಿ ಕೇಳಿ. ಮಗಳಿಗೆ ಬುಡೆಸೊನೈಡ್ (ಊತ ಇಳಿಸುವ ಸ್ಟೀರಾಯ್ಡ್ ಔಷಧಿ) ಅನ್ನು ಗಟ್ಟಿ ದ್ರವ ಮಾಡಿ ನುಂಗಿಸುತ್ತೇವೆ, ಆಮೇಲೆ ಅರ್ಧ ಗಂಟೆ ಏನೂ ಕೊಡಲ್ಲ.

ಧಾರವಾಡದ ಡಯಟಿಶಿಯನ್:
ದಯವಿಟ್ಟು ನೀವೇ ಎಲ್ಲಾ ಒಮ್ಮೆಗೇ ಬಿಡಿಸಬೇಡಿ. ಎಷ್ಟೋ ಸಲ ಹಾಲೊಂದನ್ನೇ ಮೊದಲು ನಿಲ್ಲಿಸಿ ನೋಡುತ್ತಾರೆ, ಅಂದ್ರೆ ಮೊಸರು, ಪೇಡಾ ಕೂಡ. ಗೋಧಿ ಬಿಡಬೇಕಾದರೂ ನಮಗೆ ಜೋಳ ಇದೆ ಅಲ್ವಾ, ರೊಟ್ಟಿಯನ್ನು ಸಾರಿನಲ್ಲಿ ಮೆತ್ತಗೆ ನೆನೆಸಿ ಕೊಡಿ. ತುತ್ತು ಸಿಕ್ಕಿಕೊಂಡು ಎಂಜಲೂ ನುಂಗೋಕಾಗದಿದ್ದರೆ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ.

ಹುಬ್ಬಳ್ಳಿ ಅಮ್ಮ:
ಪೇಡಾ ಯೋಚನೆಗೇ ಬಂದಿರಲಿಲ್ಲ ರೀ, ದಿನಾ ತಿನ್ನುತ್ತಾನೆ. ಸೋಮವಾರ ಡಾಕ್ಟರ್‌ಗೆ ಕೇಳುತ್ತೇನೆ.