ಸಹಾಯ ಬೇಕು: ತಂದೆಯಿಂದ ಬಂದ ಮನೆಯ ಮಾರಾಟ ಮತ್ತು ಎರಡು ದೇಶಗಳ ತೆರಿಗೆ

ಎಲ್ಲರಿಗೂ ನಮಸ್ಕಾರ. ನಾನು ಹಣಕಾಸು ಯೋಜನೆಯ ಸಲಹೆಗಾರ. ಅಮೆರಿಕದ ಪೌರತ್ವ ಪಡೆದು ಅಲ್ಲಿಯೇ ನೆಲೆಸಿರುವ ಮಹಿಳೆಯೊಬ್ಬರು, ತಂದೆಯ ಮರಣಾನಂತರ ಭಾರತದಲ್ಲಿ ತಮ್ಮ ಪಾಲಿಗೆ ಬಂದ ಮನೆಯನ್ನು ಮಾರಲು ಹೊರಟಿದ್ದು, ಅವರ ವಿಷಯದಲ್ಲಿ ನಿಮ್ಮ ಅನುಭವದ ನೆರವು ಬೇಕಾಗಿದೆ.

ತೊಡಕಿರುವುದು ಮೂಲ ಬೆಲೆಯಲ್ಲಿ, ಅಂದರೆ ಲಾಭ ಲೆಕ್ಕ ಹಾಕಲು ಮಾರಾಟದ ಬೆಲೆಯಿಂದ ಕಳೆಯುವ ಮೊತ್ತದಲ್ಲಿ. ಭಾರತದ ಕಾನೂನು ತಂದೆ ಕೊಟ್ಟ ಬೆಲೆಯನ್ನೇ ಮಗಳ ಬೆಲೆಯೆಂದು ಪರಿಗಣಿಸುತ್ತದೆ. ಮನೆ 2001ರ ಏಪ್ರಿಲ್ 1ಕ್ಕಿಂತ ಮೊದಲೇ ಕೊಂಡದ್ದಾದ್ದರಿಂದ ಆ ದಿನದ ಮಾರುಕಟ್ಟೆ ಮೌಲ್ಯವನ್ನು ಹಿಡಿಯಬಹುದು, ಆದರೆ ಅದು ಅಂದಿನ ಮುದ್ರಾಂಕ ಮೌಲ್ಯವನ್ನು (ಮುದ್ರಾಂಕ ಶುಲ್ಕಕ್ಕಾಗಿ ಸರ್ಕಾರ ನಿಗದಿಪಡಿಸಿದ ಬೆಲೆಯನ್ನು) ಮೀರುವಂತಿಲ್ಲ. ಲಾಭದ ಮೇಲಿನ ಈಗಿನ ತೆರಿಗೆ ದರ, ಇಂಡೆಕ್ಸೇಶನ್ (ಹಣದುಬ್ಬರಕ್ಕೆ ತಕ್ಕಂತೆ ಮೂಲ ಬೆಲೆಯನ್ನು ಏರಿಸುವುದು) ಇಲ್ಲದೆ, ಶೇ 12.5; ಇಂಡೆಕ್ಸೇಶನ್ ಸಹಿತ ಶೇ 20ರ ಹಳೆಯ ಲೆಕ್ಕದ ಆಯ್ಕೆ ಅನಿವಾಸಿಗಳಿಗಿಲ್ಲ. ಅಮೆರಿಕದಲ್ಲಾದರೋ ಸಾಮಾನ್ಯವಾಗಿ ಮರಣದ ದಿನದ ಮಾರುಕಟ್ಟೆ ಮೌಲ್ಯವೇ ಮೂಲ ಬೆಲೆಯಾಗುವುದರಿಂದ ಅಲ್ಲಿನ ಲೆಕ್ಕದಲ್ಲಿ ಲಾಭ ತೀರಾ ಕಡಿಮೆ. ಬೇರೆ ದೇಶದಲ್ಲಿ ಕಟ್ಟಿದ ತೆರಿಗೆಯನ್ನು ಅಮೆರಿಕದ ತೆರಿಗೆಯಿಂದ ಕಳೆಯುವ ವಿದೇಶಿ ತೆರಿಗೆ ಕ್ರೆಡಿಟ್‌ಗೆ ಮಿತಿ ಇರುವ ಕಾರಣ ಇಲ್ಲಿ ಕಟ್ಟಿದ ತೆರಿಗೆಯ ಬಹುಭಾಗಕ್ಕೆ ಅಲ್ಲಿ ತಕ್ಷಣ ಪರಿಹಾರ ಸಿಗುವುದಿಲ್ಲ. ಉಳಿದದ್ದನ್ನು 10 ವರ್ಷಗಳವರೆಗೆ ಮುಂದಕ್ಕೆ ಒಯ್ಯಬಹುದು, ಆದರೆ ಅದೇ ವರ್ಗದ ವಿದೇಶಿ ಆದಾಯವಿಲ್ಲದವರಿಗೆ ಅದು ಕಾಗದದ ಮೇಲಿನ ಸಮಾಧಾನ ಮಾತ್ರ ಎಂಬುದು ನನ್ನ ಅಭಿಪ್ರಾಯ.

ಮರಣದ ದಿನದ ಮೌಲ್ಯವನ್ನು ಈಗ ಹಿಂದಿನ ದಿನಾಂಕಕ್ಕೆ ಅನ್ವಯಿಸಿ ಮೌಲ್ಯಮಾಪಕರಿಂದ ಬರೆಸುವಾಗ ಅಕ್ಕಪಕ್ಕದ ಕ್ರಯಪತ್ರಗಳ ನಕಲುಗಳನ್ನು ಜೊತೆಗಿಟ್ಟರೆ ಸಾಕಾಗುತ್ತದೆಯೇ? ಖರೀದಿದಾರರು ಪೂರ್ತಿ ಬೆಲೆಯ ಮೇಲೆ ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಕಡಿತ ಮಾಡದಂತೆ ಕಡಿಮೆ ಕಡಿತದ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದವರು, ತೆರಿಗೆ ಇಲಾಖೆ ಯಾವ ದಾಖಲೆಗಳನ್ನು ಕೇಳಿತೆಂದು ದಯವಿಟ್ಟು ತಿಳಿಸಿ. ಮಾರಾಟದ ಕರಾರು ಇನ್ನೂ ಆಗಿಲ್ಲ.